ಬಾ ಎಂದ ಕೈ

ನಮ್ಮ ಅಳಿಯ ಹೊಸ ಕಾರು ತಂದಿದ್ದಾನೆ. ವಿದ್ಯಾಗಿರಿಯ ನಮ್ಮ ಓಣಿ ಕಾರಿಗೆಂದು ಮಾಡಿದ್ದಲ್ಲ. ಮೂತಿ ಮುಂದೆ ಮಾಡಿ ಒಳಗೆ ಬಂದದ್ದು ಬಾಲ ಮುಂದೆ ಮಾಡಿಯೇ ಹೊರಗೆ ಹೋಗಬೇಕು. ಮೊದಲ ದಿನ ಅವನು ಗಾಡಿ ತೆಗೆಯುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿಕೊಂಡು ಲಗುಬಗೆಯಿಂದ ಹಿಂದೆ ಹೋಗಿ ನಿಂತೆ. "ಬರ್ಲಿ, ಬರ್ಲಿ, ಬರ್ಲಿ" ಅಂತ ಕೈ ಆಡಿಸಿದೆ. ಕಾರು ಕೀಂಯ್ ಕೀಂಯ್ ಎಂದು ಒದರತೊಡಗಿತು. ಅಳಿಯ ಗಾಜು ಇಳಿಸಿ, "ಮಾವಾರ, ಸ್ವಲ್ಪ ಸರಕೊಳ್ರಿ. ನೀವು ಹಿಂದ ನಿಂತಿದ್ದಕ್ಕ ಅದು ಒದರಾಕತ್ತೈತಿ. ಕ್ಯಾಮೆರಾ ಐತ್ರಿ" ಅಂದ. ಬಾಗಿಲಲ್ಲಿ ನಿಂತಿದ್ದ ಮಗಳು ಕಿಸಕ್ಕನೆ ನಕ್ಕಳು.

ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ಆಯುಷ್ಯ ತೆಗೆದವನು ನಾನು. ಟಿಕೆಟ್ ಹರಿಯುವುದು, ಸೀಟಿ ಊದುವುದು, ಚಿಲ್ಲರೆಗಾಗಿ ಜಗಳಾಡುವುದು ಎಲ್ಲ ಇದ್ದದ್ದೇ. ಆದರೆ ಕಂಡಕ್ಟರನ ಖರೆ ಕಸುಬು ತಿಳಿಯುವುದು ಗಾಡಿ ಹಿಂದಕ್ಕೆ ಹೋಗುವಾಗ. ಡ್ರೈವರನಿಗೆ ಹಿಂದಿನ ಗಟಾರ ಕಾಣುವುದಿಲ್ಲ, ಕೂಸು ಕಾಣುವುದಿಲ್ಲ, ಕಂಬ ಕಾಣುವುದಿಲ್ಲ. ಕನ್ನಡಿಯಲ್ಲಿ ಅವನಿಗೆ ಕಾಣುವುದು ನಮ್ಮ ಕೈಯೊಂದೇ. ಅದನ್ನು ನಂಬಿ ಅವನು ಅಷ್ಟು ದೊಡ್ಡ ಗಾಡಿಯನ್ನು ಕಾಣದ ಕಡೆಗೆ ನೂಕುತ್ತಾನೆ.

ಆ ಸಂಜೆ ಕಟ್ಟೆಯ ಮೇಲೆ ಕೂತು ನನ್ನ ಕೈ ನೋಡಿಕೊಂಡೆ. ಅಂಗೈ ಕೆಳಗೆ ಮಾಡಿ, ಕೈಗಂಟಿದ ಹಿಟ್ಟು ಕೊಡವಿದ ಹಾಗೆ ಬೆರಳುಗಳನ್ನು ಕೆಳಗೆ ಕೆಳಗೆ ಆಡಿಸಿದೆ. ನಮ್ಮ ಕಡೆ ಹುಟ್ಟಿದ ಯಾವ ಕೂಸಿಗೂ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಬಾ ಅಂತ. ಅಷ್ಟೇ. ಆದರೂ ಹಾಗೆ ಕೈ ಆಡಿಸಿದಾಗೆಲ್ಲ ನನಗೆ ದಾವಲಜ್ಜ ನೆನಪಾಗುತ್ತಾನೆ. ಆ ವರ್ಷ ಕಳೆದು ಎಷ್ಟೋ ಕಾಲವಾಯಿತು, ಆ ಅಜ್ಜ ಮಾತ್ರ ನನ್ನನ್ನು ಬಿಟ್ಟಿಲ್ಲ.

ಹೊಸ ಅಣೆಕಟ್ಟಿನ ಹಿನ್ನೀರು ಊರುಗಳೊಳಗೆ ಬಂದ ವರ್ಷವದು. ಹುನಗುಂದದಿಂದ ನನಗೂ ಡ್ರೈವರ್ ಶಿವಪ್ಪನಿಗೂ ಒಂದು ವಸ್ತಿ ಬಸ್ಸು ಕೊಟ್ಟಿದ್ದರು. ಸಂಜೆ ಹೊರಟು, ಹೊತ್ತು ಮುಳುಗುವ ಸುಮಾರಿಗೆ ಮಲಪ್ರಭೆ ದಂಡೆಯ ಒಂದು ಹಳ್ಳಿ ಮುಟ್ಟಿ, ಅಲ್ಲಿಯೇ ಮಲಗಿ, ನಸುಕಿನಲ್ಲಿ ಕಾಲೇಜು ಹುಡುಗರನ್ನೂ ಹಾಲಿನ ಕ್ಯಾನುಗಳನ್ನೂ ತುಂಬಿಕೊಂಡು ವಾಪಸು ಬರುವುದು. ಊರಿನ ಅರ್ಧ ಮಂದಿ ಆಗಲೇ ಎತ್ತರದ ಜಾಗಕ್ಕೆ ಸರಿದಿದ್ದರು, ಉಳಿದರ್ಧ ಇನ್ನೂ ಗಂಟುಮೂಟೆ ಕಟ್ಟುತ್ತಿತ್ತು. ಅಲ್ಲಿಯ ಡಾಂಬರು ರಸ್ತೆ ಊರಬಾಗಿಲ ಅಗಸಿ ದಾಟಿ ನೆಟ್ಟಗೆ ಹೋಗಿ, ಆಚೆ ಕಡೆಯಿಂದ ಯಾರೋ ಕರೆದ ಹಾಗೆ, ನೀರಿನೊಳಗೆ ಇಳಿದುಬಿಡುತ್ತಿತ್ತು. ಜಾಲಿ ಗಿಡಗಳು ಕುತ್ತಿಗೆ ತನಕ ಮುಳುಗಿ ನಿಂತಿದ್ದವು. ಅವುಗಳ ನಡುವೆ ಲೈಟಿನ ಕಂಬಗಳು, ತಂತಿ ಹರಿದವು. ಕೊಳೆತ ಕಬ್ಬಿನ ಸೋಗಿ, ಹಸಿ ಎರೆಮಣ್ಣು, ಮೀನು ಎಲ್ಲ ಕೂಡಿ ಒಂದು ವಾಸನೆ ಬರುತ್ತಿತ್ತು. ಮೊದಮೊದಲು ಶಿವಪ್ಪ ಮೂಗಿಗೆ ಟವೆಲು ಕಟ್ಟಿಕೊಂಡೇ ಮಲಗುತ್ತಿದ್ದ.

ತೊಂದರೆ ಇದ್ದದ್ದು ಗಾಡಿ ತಿರುಗಿಸುವುದರಲ್ಲಿ. ಅಗಸಿಯ ಮುಂದೆ ಜಾಗವಿಲ್ಲ. ನೀರಿನ ಕಡೆಗೆ ಹಿಂದೆ ತೆಗೆದುಕೊಂಡು ಹೋಗಿ, ಸ್ಟೇರಿಂಗ್ ಮುರಿದು ಮುಂದೆ ಬರಬೇಕು. ನೀರು ದಿನಕ್ಕೊಂದು ಕಡೆ ಇರುತ್ತಿತ್ತು. ಮೊದಲ ಸಂಜೆ ನಾನು ಇಳಿದು ಹಿಂದೆ ಹೋದರೆ ಅಲ್ಲಿ ಆಗಲೇ ಒಬ್ಬ ಮುದುಕ ನಿಂತಿದ್ದ. ಉದ್ದನೆಯ ಆಳು, ಬಿಳಿ ಗಡ್ಡ, ಮೊಳಕಾಲಿನ ಮೇಲಕ್ಕೆ ಕಟ್ಟಿದ ಲುಂಗಿ, ಎರಡೂ ಕೈಯಲ್ಲಿ ಒಂದೊಂದು ಮೊರ. ಜೋಳ ಹಸನು ಮಾಡುವ ಬಿದಿರಿನ ಮೊರವೇ. ಅವುಗಳನ್ನು ಎರಡೂ ಬದಿಗೆ ನೆಟ್ಟಗೆ ಚಾಚಿ ಹಿಡಿದುಕೊಂಡಿದ್ದ. ಗಾಡಿ ಎಡಕ್ಕೆ ವಾಲಿದರೆ ಒಂದು ಮೊರ ವಾಲುತ್ತಿತ್ತು, ಬಲಕ್ಕೆ ವಾಲಿದರೆ ಇನ್ನೊಂದು. ನೀರು ಹತ್ತಿರ ಬಂದದ್ದೇ ಒಂದು ಮೊರವನ್ನು ಕುತ್ತಿಗೆಯ ಮುಂದೆ ಸರಕ್ಕನೆ ಅಡ್ಡ ಎಳೆದ. ಶಿವಪ್ಪ ಅಲ್ಲಿಯೇ ಬ್ರೇಕು ಒತ್ತಿದ. ಹಿಂದಿನ ಗಾಲಿ ನೀರಿನ ಅಂಚಿನಲ್ಲಿ ಬಂದು ನಿಂತಿತ್ತು.

"ಲೇ, ಯಾರಲೇ ಇಂವ?" ಅಂತ ಶಿವಪ್ಪ ಕೆಳಗಿಳಿದ. "ಇಂಥಾ ಕೈ ನಾ ಜನ್ಮದಾಗ ನೋಡಿಲ್ಲ. ನಿನ್ನ ಕೈ ನೊಣಾ ಹೊಡದಂಗ ಇರತೈತಿ."

ನನಗೆ ಸಿಟ್ಟು ಬಂತು. ನನ್ನ ಕೆಲಸ ಇನ್ನೊಬ್ಬ ಮಾಡಿದರೆ, ಅದೂ ಮೊರ ಹಿಡಿದುಕೊಂಡು, ಸಿಟ್ಟು ಬಾರದೆ ಏನು. ಮುದುಕ ಮಾತ್ರ ನಮ್ಮಿಬ್ಬರನ್ನೂ ನೋಡದೆ ನೀರಿನ ಕಡೆ ತಿರುಗಿ ನಿಂತುಬಿಟ್ಟ. ಅಷ್ಟರಲ್ಲಿ ಅಗಸಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದು, "ಅಪ್ಪಾ, ಮೊರ ಕೊಡು. ಹಿಟ್ಟು ಸಾಣಿಸಿ ಕುಂತೇನಿ, ಇಲ್ಲೆ ನೀ ಎರಡೂ ಮೊರ ತಂದು ಆಟ ಆಡಾಕತ್ತೀ" ಅಂತ ಕಸಿದುಕೊಂಡು ಹೋದಳು. ಮುದುಕ ದಾವಲಸಾಬ, ಊರಿಗೆಲ್ಲ ದಾವಲಜ್ಜ. ಅವಳು ಮಾಬೂಬಿ, ಅವನ ಮಗಳು. ಗಂಡ ತೀರಿಕೊಂಡ ಮೇಲೆ ತಂದೆಯ ಜೊತೆಗಿದ್ದು ಇಳಕಲ್ಲಿನವರಿಗೆ ಸೀರೆ ನೇಯ್ದು ಕೊಡುತ್ತಿದ್ದಳು. ಮರುದಿನದಿಂದ ನಮ್ಮಿಬ್ಬರ ರಾತ್ರಿಯ ರೊಟ್ಟಿ ಅವರ ಮನೆಯಲ್ಲೇ ಆಯಿತು.

ಅಜ್ಜನ ಕಥೆ ನಮಗೆ ಸಿಕ್ಕಿದ್ದು ಆ ರೊಟ್ಟಿಯ ಜೊತೆ, ಚೂರು ಚೂರಾಗಿ. ಹರೆಯದಲ್ಲಿ ಇಳಕಲ್ಲಿನ ಮಗ್ಗ ಬಿಟ್ಟು ಮುಂಬಯಿಗೆ ಓಡಿಹೋಗಿದ್ದನಂತೆ. ದೊಡ್ಡ ಯುದ್ಧ ನಡೆದಿತ್ತು. ಬಂದರದಲ್ಲಿ ಕೂಲಿ ಮಾಡುತ್ತ ಒಬ್ಬ ಇಂಗ್ಲಿಷ್ ಅಧಿಕಾರಿಯ ಚಾಕರಿಗೆ ಹತ್ತಿ, ಅವನ ಜೊತೆಗೇ ಹಡಗು ಏರಿದ್ದ.

"ಎಂಥಾ ಹಡಗ್ರಿ ಅಜ್ಜಾರ?"

"ವಿಮಾನದ ಹಡಗ. ಮ್ಯಾಲ ಪೂರಾ ಸಪಾಟ. ಸಮುದ್ರದಾಗ ಒಂದು ಕಣಾ ಮಾಡಿದಂಗ. ಅದರ ಮ್ಯಾಲಿಂದ ವಿಮಾನ ಹಾರೂದು, ಅದರ ಮ್ಯಾಲ ಬಂದು ಕೂಡೂದು. ನಮ್ಮ ಸಾಹೇಬ ಬ್ಯಾಟ ಸಾಹೇಬ ಇದ್ದ."

ಶಿವಪ್ಪ ರೊಟ್ಟಿ ಮುರಿಯುತ್ತ, "ಯುದ್ಧದಾಗ ಕ್ರಿಕೆಟ್ ಆಡ್ತಿದ್ರೇನ್ರಿ?" ಅಂದ.

ಅಜ್ಜ ನಗಲಿಲ್ಲ. ಎದ್ದು ನಿಂತು ತೋರಿಸಿದ. ವಿಮಾನದ ಮೂತಿ ಭಾಳ ಉದ್ದ, ಮುಂದೆ ಗರಗರ ತಿರುಗುವ ಫಂಕ. ಇಳಿಯುವಾಗ ಮೂತಿ ಮೇಲೆದ್ದು ಪೈಲಟನಿಗೆ ಹಡಗೇ ಕಾಣದಂತಾಗುತ್ತಿತ್ತು. ಅದಕ್ಕೇ ಅವನು ನೆಟ್ಟಗೆ ಬಾರದೆ, ಡ್ರೈವರ್ ಬಾಗಿಲಿನಿಂದ ಹಣಿಕಿ ನೋಡುವ ಹಾಗೆ, ಒಂದು ಮಗ್ಗುಲಿಗೆ ವಾಲಿ ಸುತ್ತುಹಾಕಿ ಬರುತ್ತಿದ್ದ. ಡೆಕ್ಕಿನ ತುದಿಯಲ್ಲಿ ಎರಡು ಬ್ಯಾಟು ಹಿಡಿದು ಸಾಹೇಬ ನಿಂತಿರುತ್ತಿದ್ದ. ಕೈ ಮೇಲೆತ್ತಿದರೆ ಮೇಲೇರು. ಕೆಳಗೆ ಮಾಡಿದರೆ ಕೆಳಗಿಳಿ. ನೆಟ್ಟಗೆ ಚಾಚಿದರೆ ಸರಿ ಇದೆ, ಹಾಗೇ ಬಾ. ಕುತ್ತಿಗೆಯ ಮುಂದೆ ಅಡ್ಡ ಎಳೆದರೆ ಇಂಜಿನು ಬಂದ್. ವಿಮಾನದ ಬಾಲದಲ್ಲಿದ್ದ ಕೊಕ್ಕಿ ಡೆಕ್ಕಿನ ಮೇಲೆ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿ ಅದು ಗಕ್ಕನೆ ನಿಲ್ಲಬೇಕು. ತಪ್ಪಿ ಸಾಹೇಬನ ಮೇಲೆಯೇ ಬಂದರೆ ಅವನು ಹಾರಿಕೊಳ್ಳಲಿಕ್ಕೆಂದು ಪಕ್ಕದಲ್ಲಿ ಒಂದು ಬಲೆ ಕಟ್ಟಿರುತ್ತಿತ್ತು. ದಾವಲಸಾಬನ ಕೆಲಸ ಸಾಹೇಬನ ಬೆನ್ನ ಹಿಂದೆ ನಿಂತು, ಬರುವ ವಿಮಾನದ ಗಾಲಿ ಇಳಿದಿವೆಯೋ, ಕೊಕ್ಕಿ ಇಳಿದಿದೆಯೋ ನೋಡಿ ಕೂಗಿ ಹೇಳುವುದು.

"ಹುಡುಗರು ಅವು," ಅಂದ ಅಜ್ಜ. "ಮೀಸಿ ಬಂದಿದ್ದಿಲ್ಲ. ಅಷ್ಟ ದೊಡ್ಡ ಸಮುದ್ರದಾಗ ಅವಕ್ಕ ಕಾಣೂದು ಒಬ್ಬನ ಕೈ ಅಷ್ಟ."

ನನ್ನ ಕಸುಬಿನವನೇ ಇವನು ಅಂತ ಆವತ್ತು ನನಗೆ ಅನ್ನಿಸಿತು. ಸಿಟ್ಟು ಅಲ್ಲಿಗೆ ಇಳಿಯಿತು. ಮರುದಿನದಿಂದ ಗಾಡಿ ಹಿಂದೆ ತೆಗೆಯುವಾಗ ನಾನೇ ಅವನಿಗೆ ಜಾಗ ಬಿಟ್ಟು ಬದಿಗೆ ನಿಲ್ಲುತ್ತಿದ್ದೆ. ಮಾಬೂಬಿಯ ಮೊರಗಳೂ ದಿನಾ ಸಂಜೆ ಮಾಯವಾಗುತ್ತಿದ್ದವು.

ಆದರೆ ಅಜ್ಜನ ಕೆಲಸ ಬಸ್ಸಿನೊಂದಿಗೆ ಮುಗಿಯುತ್ತಿರಲಿಲ್ಲ. ನಾವು ಗಾಡಿ ನಿಲ್ಲಿಸಿ ಕೈಕಾಲು ತೊಳೆಯುವಷ್ಟರಲ್ಲಿ ಅವನು ಮೊರ ಕೆಳಗಿಟ್ಟು ನೀರಿನ ಕಡೆ ಮುಖಮಾಡಿ ನಿಲ್ಲುತ್ತಿದ್ದ. ಬರಿಗೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಮನೆಯ ಮಾಳಿಗೆಯಿಂದ ಮಕ್ಕಳನ್ನು ಕರೆಯುವ ಹಾಗೆ ಕರೆಯುತ್ತಿದ್ದ. ಬಾ, ಬಾ, ಬಾ. ಎದುರಿಗೆ ನೀರು, ಮುಳುಗಿದ ಜಾಲಿ, ಮಂಜು. ಬೇರೇನೂ ಇಲ್ಲ. ಕರೆಯುತ್ತ ಕರೆಯುತ್ತ ಒಂದೊಂದೇ ಹೆಜ್ಜೆ ಮುಂದೆ ಹೋಗಿ ಮೊಳಕಾಲಿನ ತನಕ ನೀರಿನಲ್ಲಿ ಇಳಿದಿರುತ್ತಿದ್ದ. ಮಾಬೂಬಿ ಬಂದು ರಟ್ಟೆ ಹಿಡಿದು ಕರೆದೊಯ್ಯಬೇಕು.

"ಮೊದಲ ಹಿಂಗ ಇದ್ದಿದ್ದಿಲ್ಲರಿ ಅಣ್ಣಾರ," ಅಂದಳು ಒಂದು ಸಂಜೆ. "ರಾತ್ರಿ ಕನಸಿನಾಗ ಒದರೂದು ಇತ್ತು, ಅಷ್ಟ. ನೀರು ಮನಿ ಬಾಗಿಲಿಗೆ ಬಂದಾಗಿಂದ ಹಿಡದೈತಿ ನೋಡ್ರಿ. ಒಂದಿನ ಕುತ್ತಿಗಿ ಮಟ ಹೋದ್ರ ನಾ ಹೆಣ್ಣು, ಏನ ಮಾಡ್ಲಿ?"

ಯಾರನ್ನು ಕರೆಯುತ್ತಾನೆ ಅಂತ ಕೇಳಿದೆ. ಅವಳು ಒಲೆಯ ಕಡೆ ತಿರುಗಿ, "ಅವನ್ನೇ ಕೇಳ್ರಿ. ನನಗ ಹೇಳಾಕ ಧೈರ್ಯ ಇಲ್ಲ" ಅಂದಳು.

ಕೇಳಿದವನು ಶಿವಪ್ಪ. ಚಳಿ ಬಿದ್ದಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚುತ್ತ ಏನೋ ಹವಾಮಾನ ಕೇಳಿದ ಹಾಗೆ ಕೇಳಿದ. ಅಜ್ಜನೂ ಹಾಗೆಯೇ ಹೇಳಿದ.

ಒಂದು ಮಧ್ಯಾಹ್ನ, ಸಮುದ್ರದ ಮೇಲೆ ಮಬ್ಬು ಕವಿದಿದ್ದಾಗ, ಪೆಟ್ಟು ತಿಂದು ಬಂದ ಒಂದು ವಿಮಾನ ಹಡಗಿನ ಹಿಂದಿನ ತುದಿಗೆ ಬಡಿದು ಉರಿಯಿತು. ವಿಮಾನಗಳು ಇಳಿಯುವುದು ಆ ತುದಿಯಿಂದಲೇ. ಸಾಹೇಬ ಬಲೆಗೆ ಹಾರಿಕೊಂಡ, ಜೀವ ಉಳಿಯಿತು, ಎರಡೂ ತೋಳು ಮುರಿದವು. ಮೇಲೆ ಇನ್ನೂ ಕೆಲವು ವಿಮಾನ ಸುತ್ತುತ್ತಿದ್ದವು. ಎಣ್ಣೆ ಮುಗಿಯುತ್ತ ಬಂದಿತ್ತು. ಇಳಿಯಲು ದಾರಿಯಿಲ್ಲ.

"ಆಗ ಕಪ್ತಾನ ಹಡಗ ರಿವರ್ಸ ಹಾಕಿದ," ಅಂದ ಅಜ್ಜ.

ಶಿವಪ್ಪನ ಬೀಡಿ ಬಾಯಲ್ಲೇ ಉಳಿಯಿತು. "ಅಷ್ಟ ದೊಡ್ಡ ಹಡಗ? ರಿವರ್ಸ?"

"ಪೂರಾ ಜೋರಿನಾಗ. ಹಡಗ ಗಾಳಿಗೆ ಎದುರು ಓಡಿದ್ರನ ವಿಮಾನ ಸಾವಕಾಶ ಬಂದು ಕೂಡತೈತಿ. ಹಿಂದಿನ ತುದಿ ಸುಟ್ಟೈತಿ, ಅದಕ್ಕ ಹಿಂದ ಹಿಂದ ಓಡಸ್ಕೋತ ಮುಂದಿನ ತುದಿಯಿಂದ ಇಳಿಸೂದು. ಇಂಥಾ ಹೊತ್ತಿಗೆ ಇರ್ಲಿ ಅಂತ ಮುಂದೂ ತಂತಿ ಕಟ್ಟಿದ್ರು. ಹಡಗ ನಡಗತಿತ್ತು. ಹಿಂದ ಓಡಾಕ ಮಾಡಿದ್ದಲ್ಲ ಅದು."

ಸಾಹೇಬ ತನ್ನನ್ನು ಹೊತ್ತು ಮುಂದಿನ ತುದಿಗೆ ಒಯ್ಯಿರಿ ಅಂದನಂತೆ. ಅಲ್ಲಿ ಒಂದು ಪೆಟ್ಟಿಗೆಗೆ ಒರಗಿ ಕೂತ. ಬ್ಯಾಟು ಹಿಡಿಯಲು ತೋಳಿಲ್ಲ. ಹಿಂದೆ ನಿಂತು ನಿಂತು ಎಲ್ಲ ನೋಡಿದ್ದ ದಾವಲಸಾಬನ ಕೈಗೆ ಬ್ಯಾಟು ಕೊಡಿಸಿದ. "ಬಾಯಿ ಅವಂದು, ಕೈ ನಂದು. ಅಂವ ಮ್ಯಾಲ ಅಂದ್ರ ನಾ ಮ್ಯಾಲ, ಅಂವ ಕೆಳಗ ಅಂದ್ರ ನಾ ಕೆಳಗ." ಹಾಗೆ ಬಂದವರೆಲ್ಲ ಸುರಕ್ಷಿತವಾಗಿ ಇಳಿದರು. ಕೊನೆಯವನೊಬ್ಬ ಉಳಿದ. ಅವನು ಸುತ್ತು ಹಾಕಿ ವಾಲಿ ಬರುವ ಹೊತ್ತಿಗೆ ಸಾಹೇಬನ ಬಾಯಿ ನಿಂತಿತು. ಪ್ರಜ್ಞೆ ತಪ್ಪಿತ್ತು.

"ನಾ ಕೈ ಚಾಚಿ ನಿಂತಿದ್ದೆ. ಸರಿ ಬರಾಕತ್ತಿದ್ದ. ಭಾಳ ಛಲೋ ಬರಾಕತ್ತಿದ್ದ. ಒಮ್ಮೆ ಇಂಜಿನು ಕೆಮ್ಮಿತು. ನನ್ನ ಜೀವ ಹಾರಿತು. ಬಾರೋ ಮಗನ, ಇನ್ನೊಂಚೂರು, ಬಾ ಅಂತ..." ಅಜ್ಜ ತನ್ನ ಬಲಗೈ ಮುಂದೆ ಚಾಚಿದ. ಅದು ತಾನಾಗಿಯೇ ಅಂಗೈ ಕೆಳಗಾಗಿ ಆಡತೊಡಗಿತು. "ಬ್ಯಾಟ ಹಿಡಕೊಂಡನ ಸಾಹೇಬನ ಭಾಷಾ ಮರೀತು ಈ ಕೈ. ನಮ್ಮವ್ವ ಕಲಿಸಿದ್ದು ನೆನಪಾತು."

ವಿಮಾನ ಮೂತಿ ತಗ್ಗಿಸಿತು. ಡೆಕ್ಕಿಗಿಂತ ಕೆಳಗೆ ಬಂದು, ಹಡಗಿನ ಮುಂದೆ ನೀರಿಗೆ ಬಿತ್ತು.

"ಹಡಗ ಹಿಂದ ಓಡತಿತ್ತಲ್ಲ. ನಿಂದ್ರೂದಿಲ್ಲ ಅದು ಒಮ್ಮಿಗೇ. ಅಂವ ಅಲ್ಲೇ ಮುಳುಗಾಕತ್ತಿದ್ದ, ನಾ ಇಲ್ಲೆ ನಿಂತು ಹಿಂದ ಹಿಂದ ಹೊಂಟಿದ್ದೆ. ಅಂವ ಸಣ್ಣಾಗಿ ಸಣ್ಣಾಗಿ ಹೋದ. ಅವಾಗೂ ನನ್ನ ಕೈ ನಿಂತಿದ್ದಿಲ್ಲ."

ಯಾರೂ ಅವನನ್ನು ಬೈಯಲಿಲ್ಲ. ಎಣ್ಣೆ ತೀರಿತ್ತು, ಇಂಜಿನು ನಿಂತಿತು, ಆ ಮಬ್ಬಿನಲ್ಲಿ ಅವನಿಗೆ ನೀನು ಕಂಡೇ ಇಲ್ಲ ಅಂತ ಎಲ್ಲರೂ ಬೆನ್ನು ಸವರಿದರು. ಅವನು ಆ ಮಾತನ್ನು ಹಿಡಿದುಕೊಂಡು ಊರಿಗೆ ಬಂದು, ಮಗ್ಗಕ್ಕೆ ಕೂತು, ಮದುವೆಯಾಗಿ, ಮುದುಕನೂ ಆದ. ಆದರೆ ಅದು ಖರೆಯೋ ಸುಳ್ಳೋ ಅವನಿಗೆ ಗೊತ್ತಾಗಲಿಲ್ಲ. ಕಂಡಿರಲಿಲ್ಲವೆಂದರೆ ಹುಡುಗ ಯಾರೂ ಇಲ್ಲದೆ ಒಬ್ಬನೇ ಸತ್ತ. ಕಂಡಿದ್ದರೆ ದಾವಲಸಾಬನ ಕೈ ಅವನನ್ನು ಕೊಂದಿತು. ಯಾವುದಾದರೂ ಒಂದು ಗೊತ್ತಾಗದೆ ಸಾಯಬಾರದು ಅನ್ನುವುದೊಂದೇ ಅವನಿಗೆ ಉಳಿದಿತ್ತು.

"ನೀವು ಕಂಡಕ್ಟರ್ರ, ಕೈ ಮಾಡೂ ಮಂದಿ. ಹೇಳ್ರಿ. ಅಂವಗ ನನ್ನ ಕೈ ಏನಂತ ಕಂಡಿತ್ತು?"

ನಾನು ದೊಡ್ಡ ಮನುಷ್ಯನ ಹಾಗೆ, "ಬಾ ಅಂತ್ರಿ. ಮತ್ತೇನು?" ಅಂದೆ. ಅದು ಸಾಲದು ಎನ್ನುವಂತೆ ಅವನು ತಲೆಯಾಡಿಸಿದ. ಊರಲ್ಲಿ ಎಲ್ಲರ ಮೇಲೂ ಅವನು ಈ ಪರೀಕ್ಷೆ ಮಾಡಿ ಮುಗಿಸಿದ್ದ. ದೂರ ನಿಂತು ಕೈ ಆಡಿಸಿದರೆ ಹುಡುಗರು ಓಡಿ ಬರುತ್ತಿದ್ದರು, ಮುದುಕಿಯರು ಗೊಣಗುತ್ತ ಬರುತ್ತಿದ್ದರು, ಯಾರದೋ ನಾಯಿ ಸಹ ಬಾಲ ಅಲ್ಲಾಡಿಸುತ್ತ ಬಂದಿತ್ತು. "ನಮ್ಮ ನಾಯಿಗೂ ತಿಳಿತೈತಿ," ಅಂದ ಅಜ್ಜ. "ಬಿಳಿಯನ್ನ ಕೇಳ್ಬೇಕು. ನಾ ಇನ್ನ ಎಲ್ಲೆ ಹೋಗಿ ಬಿಳಿಯನ್ನ ಹುಡುಕ್ಲಿ?"

"ಬದಾಮಿಯಾಗ ಬೇಕಾದಷ್ಟು ಅದಾರಲ್ಲ," ಅಂತ ಶಿವಪ್ಪ ಅಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅಜ್ಜನ ಕಣ್ಣು ಆಗಲೇ ಅರಳಿದ್ದವು.

ಆ ದಿನಗಳಲ್ಲಿ ನನಗೂ ಏನೋ ಹಿಡಿಯುತ್ತ ಬಂದಿತ್ತು. ಒಂದು ನಸುಕು, ಗಾಡಿ ತೊಳೆಯಲು ನೀರು ತರಲೆಂದು ದಂಡೆಗೆ ಹೋದೆ. ಮಂಜು ಎಷ್ಟಿತ್ತೆಂದರೆ ಕೈಯಲ್ಲಿನ ಬಕೀಟು ಕಾಣುತ್ತಿರಲಿಲ್ಲ. ಆಚೆಯಿಂದ ಇಂಜಿನಿನ ಸದ್ದು ಬಂತು. ಎತ್ತರದಿಂದ ಸುತ್ತುಹಾಕಿ ಬರುವ ಹಾಗೆ ಒಮ್ಮೆ ಹತ್ತಿರ, ಒಮ್ಮೆ ದೂರ. ನಡುವೆ ಒಂದು ಸಲ ಕೆಮ್ಮಿತು. ನಾನು ಬಕೀಟು ಅಲ್ಲಿಯೇ ಬಿಟ್ಟು ಓಡಿ ಬಂದೆ. ಯಾವನದೋ ಡೀಸೆಲ್ ಪಂಪು ಅಂತ ಶಿವಪ್ಪ ನಕ್ಕ. ಇರಬಹುದು. ಆದರೆ ಆ ಕಡೆಯ ಹೊಲಗಳೆಲ್ಲ ನೀರಿನಡಿ ಹೋಗಿದ್ದವು, ಇನ್ನು ಯಾವ ಹೊಲಕ್ಕೆ ನೀರು ಎತ್ತುತ್ತಿದ್ದರೋ ನನಗೆ ತಿಳಿಯಲಿಲ್ಲ. ಭಯವಾಗಿತ್ತು, ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಮುಂದಿನ ರಜೆಯ ದಿನ ಅಜ್ಜನನ್ನು ಬದಾಮಿಗೆ ಕರೆದುಕೊಂಡು ಹೋದೆವು. ಮಾಬೂಬಿಯೇ ಕಳಿಸಿದಳು. "ಏನರ ಆಗ್ಲಿ, ಒಮ್ಮೆ ಖಾತ್ರಿ ಆಗಿಬಿಡ್ಲಿ" ಅಂದಳು. ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ದಾರಿಯುದ್ದಕ್ಕೂ ಕಿಟಕಿಯ ಬದಿಗೆ ಕೂತಿದ್ದ. ದವಾಖಾನಿಗೆ ಹೊರಟವನ ಮುಖ.

ಗವಿಗಳ ಕೆಳಗಿನ ಹೊಂಡದ ಹತ್ತಿರ ಹೋದೆವು. ಕೆಂಪು ಬಂಡೆ, ಹಸಿರು ನೀರು, ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಸಪ್ಪಳ ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಮಂಗಗಳ ಕಾಟ ಹೇಳತೀರದು, ಶಿವಪ್ಪನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಹೋಗಿದ್ದವು. ಆಚೆ ಬದಿಯ ಮೆಟ್ಟಿಲುಗಳ ಮೇಲೆ ಒಬ್ಬ ಬಿಳಿಯ ಹುಡುಗ ನಿಂತಿದ್ದ. ಬಂಡೆ ಹತ್ತಲು ಬರುತ್ತಾರಲ್ಲ, ಅಂಥವನು. ಹೆಗಲಿಗೆ ಹಗ್ಗ, ಬಿಸಿಲಿಗೆ ಕೆಂಪಾದ ಮೂಗು. ಇನ್ನೂ ಎಳೆಯ.

ಅಜ್ಜ ಅವನನ್ನು ಬಹಳ ಹೊತ್ತು ನೋಡಿದ. ಬೇರೆಯವರನ್ನು ನೋಡೋಣ ಅಂತ ನಾನು ಮೆಲ್ಲಗೆ ಅಂದೆ. ಅವನಿಗೆ ಕೇಳಿಸಲಿಲ್ಲ. ನೀರಿನ ಅಂಚಿಗೆ ಹೋಗಿ ನಿಂತು, "ಸಾಬ್!" ಅಂತ ಕೂಗಿದ. ಆ ದನಿ ಮುದುಕನದಲ್ಲ. ಬಂಡೆ ಅದನ್ನು ಮತ್ತೆ ಹೇಳಿತು. ಹುಡುಗ ತಿರುಗಿ ನೋಡಿದ. ಅಜ್ಜ ಎರಡೂ ಕೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಕರೆದ. ಬಾ, ಬಾ, ಬಾ.

ಹುಡುಗ ಒಂದು ಗಳಿಗೆ ಅನುಮಾನಿಸಿದ. ಸುತ್ತ ನೋಡಿದ. ಆಮೇಲೆ, ಅಜ್ಜನ ಕೈಯನ್ನೇ ನೋಡುತ್ತ, ಮೆಟ್ಟಿಲ ಮೇಲೆ ಸಾವಕಾಶವಾಗಿ ಕೂತುಕೊಂಡ.

ಅಜ್ಜ ಕೈ ನಿಲ್ಲಿಸಲಿಲ್ಲ. ಹುಡುಗ ಇನ್ನೂ ತಗ್ಗಿ, ತಲೆ ಮೊಳಕಾಲಿಗೆ ಹತ್ತಿಸಿ ಮುದುಡಿದ.

"ಕಂಡ್ರ್ಯಾ?" ಅಂದ ಅಜ್ಜ, ನಮ್ಮ ಕಡೆ ತಿರುಗದೆ. "ಕಂಡ್ರ್ಯಾ? ಇಳದ."

ಶಿವಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತೆ. ಅಜ್ಜ ಮಾತ್ರ ನೆಟ್ಟಗೆ ನಿಂತು, ಎರಡೂ ತೋಳುಗಳನ್ನು ನಿಧಾನವಾಗಿ ಮೇಲೆತ್ತಿದ. ಎದೆಯ ಮಟ್ಟ, ಹೆಗಲ ಮಟ್ಟ, ತಲೆಯ ಮೇಲೆ. ಹುಡುಗ ತಲೆಯೆತ್ತಿ ನೋಡಿ ಎದ್ದು ನಿಂತ. ಅವನು ಪೂರ್ತಿ ಎದ್ದ ಮೇಲೂ ಅಜ್ಜನ ತೋಳು ಮೇಲೆಯೇ ಇದ್ದವು.

ಹುಡುಗ ಹೊಂಡ ಸುತ್ತಿ ನಮ್ಮ ಹತ್ತಿರ ಓಡಿ ಬಂದ. ಏನಾಯಿತು, ಏನಿತ್ತು ಅಲ್ಲಿ ಅಂತ ಇಂಗ್ಲಿಷಿನಲ್ಲಿ ಕೇಳಿದ. ನನ್ನ ಇಂಗ್ಲಿಷು ಟಿಕೆಟಿನಷ್ಟೇ, ಆದರೆ ಅವನು ಹೇಳಿದ್ದು ಅರ್ಥವಾಯಿತು. ನೀವು ತಗ್ಗು ಅಂದಿರಿ, ತಗ್ಗಿದೆ ಅಂದ. ಅಜ್ಜ ಹಡಗಿನಲ್ಲಿ ಕಲಿತ ಹರಕು ಇಂಗ್ಲಿಷಿನಲ್ಲಿ, ಯಾಕೆ ಕೇಳಿದೆ ನನ್ನ ಮಾತು, ನಾನು ಯಾರು ನಿನಗೆ, ಅಂತ ಕೇಳಿದ. ಹುಡುಗ ತಬ್ಬಿಬ್ಬಾದ. ಹಿಂದೆ ಮಂಗವೋ ಕಲ್ಲೋ ಏನೋ ನಿಮಗೆ ಕಂಡಿರಬೇಕು, ನನಗೆ ಕಾಣದ್ದು ನಿಮಗೆ ಕಂಡಿದೆ ಅಂದುಕೊಂಡೆ ಅಂದ. ಥ್ಯಾಂಕ್ಸ್ ಅಂತಲೂ ಅಂದ. ಅಜ್ಜ ಅವನ ಕೆನ್ನೆ ಸವರಿ, ಆ ಬೆರಳುಗಳನ್ನು ತನ್ನ ತುಟಿಗೆ ಮುಟ್ಟಿಸಿಕೊಂಡ.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಹುನಗುಂದ ಹತ್ತಿರ ಬಂದಿತ್ತು. ಅಜ್ಜ ಕಿಟಕಿಯ ಕಡೆ ನೋಡುತ್ತಲೇ, "ಅಂದ್ರ ಅಂವ ನನ್ನ ನೋಡಿದ್ದ" ಅಂದ.

ಮುಂದಿನ ಸೀಟಿನಲ್ಲಿದ್ದ ಶಿವಪ್ಪ ಹಿಂದಕ್ಕೆ ಹೊರಳಿದ.

"ಒಬ್ಬನ ಇದ್ದಿದ್ದಿಲ್ಲ ಅಂವ. ನನ್ನ ನೋಡಿದ್ದ. ನೋಡಿನ ಇಳದ."

ಅದನ್ನು ಅವನು ದುಃಖದಿಂದ ಹೇಳಿದನೋ ಸಮಾಧಾನದಿಂದ ಹೇಳಿದನೋ ಇವತ್ತಿಗೂ ನನಗೆ ಬಗೆಹರಿದಿಲ್ಲ. ಎರಡೂ ಇದ್ದವೇನೋ. ನನಗಂತೂ ಅಳು ಬಂತು, ಕಿಟಕಿಯಾಚೆ ಮುಖ ಹಾಕಿ ಅತ್ತೆ.

ಆ ಮೇಲೆ ಅಜ್ಜ ನೀರಿಗೆ ಇಳಿಯಲಿಲ್ಲ. ಮೊರಗಳು ಅಡುಗೆಮನೆಯಲ್ಲೇ ಉಳಿದವು. ಗಾಡಿ ಹಿಂದೆ ತೆಗೆಯುವ ಕೆಲಸ ಮತ್ತೆ ನನಗೆ ಬಂತು, ನೊಣ ಹೊಡೆಯುವ ಕೈ ಅಂತ ಶಿವಪ್ಪನ ಗೊಣಗೂ ಬಂತು. ಸಂಜೆ ಅಜ್ಜ ಅಗಸಿಯ ಕಟ್ಟೆಯ ಮೇಲೆ ನಿಂತು, ನೀರಿನ ಕಡೆಗೆ ಎರಡೂ ತೋಳು ಮೇಲೆತ್ತುತ್ತಿದ್ದ. ಕರೆಯುತ್ತಿರಲಿಲ್ಲ. ಮೇಲೆ, ಮೇಲೆ, ಮೇಲೆ, ಇಳೀಬ್ಯಾಡ, ಹೋಗು. ತೋಳು ಸೋಲುವ ತನಕ ಹಾಗೆಯೇ. ಮನೆಯಲ್ಲಿ ಯಾರನ್ನೂ ಕೈಯಿಂದ ಕರೆಯುವುದನ್ನು ಬಿಟ್ಟುಬಿಟ್ಟಿದ್ದ. ಮಾಬೂಬಿ ಎದುರಿಗೆ ಇದ್ದರೂ ಹೆಸರು ಹಿಡಿದು ಕೂಗುತ್ತಿದ್ದ.

ಈಗ ಫೋನಿನಲ್ಲಿ ಏನು ಕೇಳಿದರೂ ಸಿಗುತ್ತದೆ. ಆ ಹಡಗುಗಳು ಹಿಮ್ಮುಖ ಓಡುತ್ತ ಮುಂದಿನ ತುದಿಯಿಂದ ವಿಮಾನ ಇಳಿಸಿಕೊಳ್ಳಬಲ್ಲವಾಗಿದ್ದವೆಂದು ಅದರಲ್ಲಿ ಓದಿದ್ದೇನೆ. ಬ್ಯಾಟು ಹಿಡಿದವರ ಚಿತ್ರವನ್ನೂ ನೋಡಿದ್ದೇನೆ. ಇಳಕಲ್ಲಿನ ಒಬ್ಬ ನೇಕಾರ ಬ್ಯಾಟು ಹಿಡಿದಿದ್ದ ಸುದ್ದಿ ಎಲ್ಲಿಯೂ ಇಲ್ಲ. ಇರುವುದಿಲ್ಲ, ಬಿಡಿ. ನಾನು ಬದಾಮಿಯಲ್ಲಿ ಅವನ ಕೈ ನೋಡಿದವನು, ನನಗೆ ಅನುಮಾನವಿಲ್ಲ.

ಬೇಸಿಗೆಗೆ ನೀರು ಹಿಂದೆ ಸರಿಯಲು ಶುರುವಾದಾಗ ಅಜ್ಜ ತೀರಿಕೊಂಡ. ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಹಳೆಯ ಖಬರಸ್ತಾನ ನೀರಿನಲ್ಲಿ ಹೋಗಿದ್ದರಿಂದ ಎತ್ತರದ ಹೊಸ ಜಾಗದಲ್ಲಿ ಗುಂಡಿ ತೋಡಿದ್ದರು. ನಾವಿಬ್ಬರೂ ರಜೆ ಹಾಕಿ ಹೋಗಿದ್ದೆವು. ಜನಾಜಾಕ್ಕೆ ನಾನೂ ಹೆಗಲು ಕೊಟ್ಟೆ. ಹಗುರ ಇದ್ದ.

ಊರಿನ ಗೌಂಡಿ ಇಮಾಮಸಾಬ ಗುಂಡಿಯೊಳಗೆ ಇಳಿದು ನಿಂತಿದ್ದ. ಮೇಲಿನವರು ಬಟ್ಟೆಯ ತುದಿ ಹಿಡಿದು ಅಜ್ಜನನ್ನು ಗುಂಡಿಯ ಮೇಲೆ ತಂದರು. ಇಮಾಮಸಾಬ ತಲೆಯೆತ್ತಿ ನೋಡಿ, "ಬರ್ಲಿ" ಅಂದ. ಅವನ ಅಂಗೈ ಕೆಳಗಾಯಿತು, ಬೆರಳು ಆಡತೊಡಗಿದವು. "ಬರ್ಲಿ, ಬರ್ಲಿ, ಸಾವಕಾಶ ಬರ್ಲಿ." ಬಾಯಿ ಬಾ ಅನ್ನುತ್ತಿತ್ತು, ಕೈ ಇಳಿ ಅನ್ನುತ್ತಿತ್ತು. ಬಟ್ಟೆ ಹಿಡಿದವರಿಗೆ ಅವೆರಡೂ ಒಂದೇ ಆಗಿದ್ದವು.

"ಮ್ಯಾಲ! ಮ್ಯಾಲ!" ಅಂತ ಯಾರೋ ಒದರಿದರು. ಎಲ್ಲರೂ ನನ್ನ ಕಡೆ ತಿರುಗಿದಾಗಲೇ ಅದು ನನ್ನ ದನಿ ಅಂತ ನನಗೆ ತಿಳಿದದ್ದು. ನನ್ನ ಎರಡೂ ತೋಳು ತಲೆಯ ಮೇಲಿದ್ದವು. ಶಿವಪ್ಪ ಅವುಗಳನ್ನು ಹಿಡಿದು ಮೆಲ್ಲಗೆ ಕೆಳಗೆ ತಂದ. ಇಮಾಮಸಾಬ ಒಂದು ಗಳಿಗೆ ಕಾದು, ಮತ್ತೆ ಕೈ ಆಡಿಸಿದ. ಬಟ್ಟೆ ಹಿಡಿದವರು ಆ ಕೈಯನ್ನೇ ನೋಡುತ್ತ, ಎಲ್ಲಿಯೂ ಕುಲುಕದ ಹಾಗೆ, ದಾವಲಜ್ಜನನ್ನು ಇಳಿಸಿದರು.